ಗುರಿಯಿಡದ ಜೀವದ ಹೊಣೆ

ಬೇಕೆಂದು ಮಾಡಿದ ಕೆಡುಕಿಗೆ ಮನುಷ್ಯನು ಹೊಣೆಗಾರನೆಂಬುದನ್ನು ಒಪ್ಪದವರಿಲ್ಲ. ಅರಿಯದೆ ಮಾಡಿದ ಕೆಡುಕನ್ನು ಕ್ಷಮಿಸಬೇಕೆಂಬುದನ್ನೂ ಬಲ್ಲವರೆಲ್ಲ ಒಪ್ಪುವರು. ಆದರೆ ಈ ಎರಡರ ನಡುವೆ ಮೂರನೆಯ ಬಗೆಯೊಂದುಂಟು. ಕೆಡುಕು ನಮ್ಮ ಉದ್ದೇಶವಲ್ಲ. ಆದರೂ ನಮ್ಮ ಕೆಲಸದ ಜೊತೆಗೆ ಅದು ಆಗಿಯೇ ಆಗುವುದೆಂದು ನಮಗೆ ಗೊತ್ತು. ಅಂಥ ಕೆಡುಕಿಗೆ ಹೊಣೆ ಯಾರು? ಈ ಪ್ರಶ್ನೆಯನ್ನು ನಮಗೆ ಯಾವ ಪಂಡಿತರೂ ಹಾಕಲಿಲ್ಲ. ನಾಲ್ಕನೆಯ ತರಗತಿಯ ಹುಡುಗನೊಬ್ಬನು ಹಾಕಿದನು.

ನಾವಿರುವ ವೆಳ್ಳಮುಂಡವು ಬಾಣಾಸುರ ಬೆಟ್ಟದ ಮಗ್ಗುಲಿನ ಊರು. ಮಳೆಗಾಲ ಹಿಡಿದೊಡನೆ ಇಲ್ಲಿಯ ತೋಡುಗಳು ತುಂಬಿ ಗದ್ದೆಗಳಿಗೆ ನೀರು ನುಗ್ಗುವುದು. ನೀರಿನೊಡನೆ ಮೀನುಗಳೂ ಮೊಟ್ಟೆಯಿಡಲು ಹತ್ತಿಬರುವುವು. ಒಂದು ಸಂಜೆ ಆ ಹುಡುಗನೂ ಅವನ ಅಣ್ಣನೂ ನಮ್ಮ ಮನೆಗೆ ಬಂದು, ಬಾಳೆಯೆಲೆಯಲ್ಲಿ ಸುತ್ತಿದ ದೊಡ್ಡದೊಂದು ವರಾಲು ಮೀನನ್ನು ಕೊಟ್ಟುಹೋದರು. ನಾವು ಸಂತೋಷದಿಂದಲೇ ತೆಗೆದುಕೊಂಡೆವು, ಸಾರು ಮಾಡಿ ಉಂಡೆವು, ರುಚಿಯಾಗಿತ್ತೆಂದು ಮರುದಿನ ತರಗತಿಯಲ್ಲಿ ಹೇಳಿಯೂ ಹೇಳಿದೆವು. ಹುಡುಗನು ನಗಲಿಲ್ಲ. "ಮಾಷ್ಟ್ರೇ, ಅದರ ಕೆಂಪು ಮರಿಗಳು ಇನ್ನೂ ಅಲ್ಲಿಯೇ ಸುತ್ತುತ್ತಾ ಇವೆ. ಅವಕ್ಕೆ ಇನ್ನು ಯಾರು?" ಎಂದು ಕೇಳಿದನು.

ವರಾಲಿನ ಸ್ವಭಾವವು ಗದ್ದೆಯ ಬದಿಯಲ್ಲಿ ಬೆಳೆದವರಿಗೆಲ್ಲ ತಿಳಿದುದೇ. ಅದರ ಮರಿಗಳು ಕೆಂಪುಬಣ್ಣದ ಒಂದು ಮುದ್ದೆಯಂತೆ ಗುಂಪಾಗಿ ನೀರಿನ ಮೇಲ್ಭಾಗದಲ್ಲಿ ಈಜುತ್ತಿರುವುವು. ತಾಯಿತಂದೆಗಳು ಅವುಗಳ ಕೆಳಗೆ ಕಾವಲಿರುವುವು. ಮರಿಗಳ ನಡುವೆ ಗಾಳ ಬಿದ್ದರೆ, ವೈರಿ ಬಂತೆಂದು ದೊಡ್ಡ ಮೀನು ಅದರ ಮೇಲೆ ಎರಗುವುದು, ಎರಗಿದೊಡನೆ ಸಿಕ್ಕಿಬೀಳುವುದು. ಆದುದರಿಂದ ಕೆಂಪು ಮುದ್ದೆ ಕಂಡಲ್ಲಿಯೇ ಗಾಳ ಹಾಕುವುದು ಮೀನು ಹಿಡಿಯುವವರ ಜಾಣತನ. ಆ ಅಣ್ಣನು ಹಿಡಿಯಹೊರಟದ್ದು ಒಂದು ಮೀನನ್ನು ಮಾತ್ರ. ಮರಿಗಳನ್ನು ಅವನು ಮುಟ್ಟಲಿಲ್ಲ, ಕೊಲ್ಲಬೇಕೆಂದು ನೆನೆಯಲೂ ಇಲ್ಲ. ಆದರೆ ಕಾವಲು ಕಳೆದ ಮರಿಗಳನ್ನು ಉಳಿದ ಮೀನುಗಳೂ ಹಕ್ಕಿಗಳೂ ಬಿಡುವುದಿಲ್ಲ. ಹುಡುಗನ ಪ್ರಶ್ನೆಗೆ ಆ ದಿನ ನಮ್ಮಲ್ಲಿ ಉತ್ತರವಿರಲಿಲ್ಲ. ಉಂಡವರು ನಾವೇ ಆಗಿದ್ದುದರಿಂದ ಮಾತೂ ಹೊರಡಲಿಲ್ಲ.

ಇದೇ ಪ್ರಶ್ನೆಯು ಗದ್ದೆಯ ತೋಡಿಗಿಂತ ಎಷ್ಟೋ ಪಟ್ಟು ದೊಡ್ಡದಾಗಿ ಕಡಲಿನಲ್ಲಿಯೂ ನಿಂತಿದೆಯೆಂಬುದು ನಮಗೆ ತಿಳಿದುಬಂದದ್ದು ಕಡಲ್ಗುದುರೆಯ ವಿಷಯವಾಗಿ ಮಕ್ಕಳಿಗೆ ಪಾಠ ಹೇಳಲು ಓದಿಕೊಂಡಾಗ. ವರಾಲು ತನ್ನ ಮರಿಗಳನ್ನು ಹೊರಗಿನಿಂದ ಕಾಯುವುದು. ಕಡಲ್ಗುದುರೆಯಲ್ಲಿ ತಂದೆಯೇ ಅವುಗಳನ್ನು ತನ್ನೊಳಗೆ ಹೊತ್ತು ಕಾಯುವನು. ಹೆಸರು ಕುದುರೆಯೆಂದಾದರೂ ಇದು ಮೀನೇ. ತಲೆ ಕುದುರೆಯದು, ಬಾಲ ಕೋತಿಯದು, ಹೊಟ್ಟೆಯ ಚೀಲ ಕಾಂಗರೂವಿನದು ಎಂಬಂತಿದೆ ಇದರ ರೂಪ. ಹೆಣ್ಣು ತನ್ನ ಮೊಟ್ಟೆಗಳನ್ನು ಗಂಡಿನ ಹೊಟ್ಟೆಯ ಚೀಲದಲ್ಲಿ ಇಡುವುದು. ಗಂಡು ಅವಕ್ಕೆ ಪ್ರಾಣವಾಯುವನ್ನು ಒದಗಿಸುತ್ತ ಎರಡರಿಂದ ನಾಲ್ಕು ವಾರಗಳವರೆಗೆ ಹೊತ್ತು, ಕಡೆಗೆ ಪ್ರಸವವೇದನೆಪಟ್ಟು ನೂರಾರು ಮರಿಗಳನ್ನು ಹೊರಬಿಡುವುದು. ಇದಕ್ಕೆ ಹಲ್ಲಿಲ್ಲ, ಜಠರವಿಲ್ಲ. ಆದುದರಿಂದ ಹಗಲೆಲ್ಲ ಸಣ್ಣ ಸಣ್ಣ ಜೀವಿಗಳನ್ನು ಹೀರುತ್ತಲೇ ಇರಬೇಕು. ಈಜುವುದರಲ್ಲಿ ಇದು ಬಹಳ ನಿಧಾನ. ಕಡಲಹುಲ್ಲಿನ ಎಸಳಿಗೆ ಬಾಲವನ್ನು ಸುತ್ತಿಕೊಂಡು ಒಂದೇ ಕಡೆ ನಿಲ್ಲುವುದೇ ಇದರ ಬದುಕು. ಹಲವು ಜಾತಿಗಳಲ್ಲಿ ಗಂಡುಹೆಣ್ಣುಗಳು ಜೋಡಿ ಬಿಡದೆ ಬಾಳುವುವು.

ಇದರ ಬಂಧುಬಳಗವೂ ಸೋಜಿಗದ್ದೇ. ಕೊಳವೆ ಮೀನುಗಳಲ್ಲಿಯೂ ಆಸ್ಟ್ರೇಲಿಯದ ಕಡಲ ಡ್ರ್ಯಾಗನ್ನುಗಳಲ್ಲಿಯೂ ಮೊಟ್ಟೆ ಹೊರುವವನು ತಂದೆಯೇ. ಕೊಳವೆ ಮೀನುಗಳಲ್ಲಿ ಕೆಲವು ನಮ್ಮ ದೇಶದ ನದಿಗಳಲ್ಲಿಯೂ ಅಳಿವೆಗಳಲ್ಲಿಯೂ ಉಂಟು. 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದ ಬುಕಾನನ್ನನ ಹೆಸರನ್ನು ನಮ್ಮ ಶಿಕ್ಷಕರು ಬಲ್ಲರು. ಅವನೇ ಮುಂದೆ ಹ್ಯಾಮಿಲ್ಟನ್ ಎಂಬ ಹೆಸರಿನಲ್ಲಿ 1822ರಲ್ಲಿ ಗಂಗೆಯ ಮೀನುಗಳ ಮೇಲೆ ಬರೆದ ಗ್ರಂಥದಲ್ಲಿ ಇಂಥ ಸಿಹಿನೀರಿನ ಕೊಳವೆ ಮೀನುಗಳನ್ನು ವರ್ಣಿಸಿದನು. ಶೀತದೇಶಗಳ ಸ್ಟಿಕಲ್‌ಬ್ಯಾಕ್ ಎಂಬ ಮುಳ್ಳುಬೆನ್ನಿನ ಮೀನನ್ನು ಹಿಂದೆ ಇದೇ ವರ್ಗಕ್ಕೆ ಸೇರಿಸುತ್ತಿದ್ದರು. ಇಂದಿನ ವಿಜ್ಞಾನಿಗಳು ಬೇರೆಯಿಡುವರು. ಅದರಲ್ಲಿಯೂ ಗಂಡೇ ಗೂಡು ಕಟ್ಟಿ, ಮೊಟ್ಟೆಗಳಿಗೆ ರೆಕ್ಕೆಯಿಂದ ನೀರು ಬೀಸುತ್ತ ಕಾಯುವುದು. ಅದರ ನಡತೆಯನ್ನು ಅಭ್ಯಸಿಸಿದ ಟಿನ್‌ಬರ್ಗನ್ 1973ರಲ್ಲಿ ನೊಬೆಲ್ ಬಹುಮಾನ ಪಡೆದ ಮೂವರಲ್ಲಿ ಒಬ್ಬನು.

ಇಂಥ ಕಡಲ್ಗುದುರೆಯು ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವ ನೀರುಗಳಲ್ಲಿ ತಮಿಳುನಾಡಿನ ಪಾಕ್ ಕೊಲ್ಲಿಯೂ ಮನ್ನಾರ್ ಕೊಲ್ಲಿಯೂ ಸೇರಿವೆ. ಬೆಟ್ಟದ ಮೇಲಿರುವ ನಮಗೆ ಅದೇನು ಸಂಬಂಧವೆಂದು ಮಕ್ಕಳು ಕೇಳಬಹುದು. ನಕ್ಷೆಯನ್ನು ತೆರೆದು ನೋಡಲಿ. ನಮ್ಮ ತೋಡುಗಳ ನೀರು ಪಡುಗಡಲಿನ ಕಡೆಗೆ ಇಳಿಯದೆ ಪನಮರಂ ಹೊಳೆಯನ್ನು ಕೂಡಿ, ಕಬಿನಿಯಾಗಿ ಹರಿದು, ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರಿ, ಮೂಡುಗಡಲಿನತ್ತ ಸಾಗುವುದು. ಕಾವೇರಿಯ ಮುಖಜಭೂಮಿಯ ತೆಂಕಣ ತುದಿಯಾದ ಕೋಡಿಯಕ್ಕರೆಯನ್ನು ದಾಟಿದರೆ ಪಾಕ್ ಕೊಲ್ಲಿಯೇ.

ಪಾಕ್ ಕೊಲ್ಲಿಯಲ್ಲಿ ಹಿಂದೆ ಮುಳುಗುಗಾರರು ಕಡಲ್ಗುದುರೆಗಳನ್ನು ಹುಡುಕಿ ಹಿಡಿಯುತ್ತಿದ್ದರು. ಒಣಗಿಸಿದ ಕಡಲ್ಗುದುರೆಯು ಚೀನೀ ವೈದ್ಯದಲ್ಲಿ ಬಳಕೆಯಾಗುವುದರಿಂದ ಅದಕ್ಕೆ ವಿದೇಶದಲ್ಲಿ ಬೆಲೆಯಿತ್ತು. 2001ರಲ್ಲಿ ಭಾರತ ಸರಕಾರವು ಕಡಲ್ಗುದುರೆಗಳನ್ನೂ ಕೊಳವೆ ಮೀನುಗಳನ್ನೂ 1972ರ ವನ್ಯಜೀವಿ ಸಂರಕ್ಷಣಾ ಶಾಸನದ ಮೊದಲನೆಯ ಅನುಸೂಚಿಗೆ ಸೇರಿಸಿ, ಅವುಗಳನ್ನು ಹಿಡಿಯುವುದನ್ನೂ ಮಾರುವುದನ್ನೂ ನಿಷೇಧಿಸಿತು. ವನ್ಯಜೀವಿಗಳ ವ್ಯಾಪಾರವನ್ನು ಕುರಿತ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಕಡಲ್ಗುದುರೆಯನ್ನು ಸೇರಿಸಬೇಕೆಂದು 2002ರಲ್ಲಿ ನಿರ್ಣಯವಾಗಿ, 2004ರಿಂದ ಅದು ಜಾರಿಗೆ ಬಂದಿತು. ಇಷ್ಟಾದ ಮೇಲೆ ಕಡಲ್ಗುದುರೆ ಕ್ಷೇಮವಾಗಿರಬೇಕಲ್ಲವೇ? ಇಲ್ಲ. ಏಕೆಂದರೆ ಅದರ ದೊಡ್ಡ ವೈರಿ ಅದನ್ನು ಹುಡುಕಿ ಹಿಡಿಯುವ ಕೈಯಲ್ಲ. ಸೀಗಡಿಗಾಗಿಯೂ ಬೇರೆ ಮೀನಿಗಾಗಿಯೂ ಕಡಲತಳವನ್ನು ಗುಡಿಸುತ್ತ ಹೋಗುವ ಟ್ರಾಲ್ ಬಲೆ. ಆ ಬಲೆಗೆ ಸೀಗಡಿ ಯಾವುದು, ಕಡಲ್ಗುದುರೆ ಯಾವುದು ಎಂಬ ವಿವೇಚನೆಯಿಲ್ಲ. ಒಂದು ದೋಣಿಗೆ ಒಂದು ದಿನದಲ್ಲಿ ಸಿಕ್ಕುವುದು ಒಂದೋ ಎರಡೋ ಇರಬಹುದು. ಆದರೆ ದೋಣಿಗಳು ಸಾವಿರಾರು, ದಿನಗಳು ನೂರಾರು. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನವು 21 ದೇಶಗಳ ಲೆಕ್ಕ ಹಿಡಿದು, ಹೀಗೆ ಬೇಡದೆ ಬಲೆಗೆ ಬೀಳುವ ಕಡಲ್ಗುದುರೆಗಳು ವರ್ಷಕ್ಕೆ ಸುಮಾರು 3 ಕೋಟಿ 70 ಲಕ್ಷವೆಂದು ಅಂದಾಜು ಮಾಡಿತು.

ನಮ್ಮ ಬೀದಿಗೆ ಸ್ಕೂಟರಿನಲ್ಲಿ ಮೀನು ತರುವ ಕಾಕನನ್ನು ಒಮ್ಮೆ ಈ ವಿಷಯ ಕೇಳಿದೆವು. ಅವರು ಒಣಮೀನಿನ ರಾಶಿಯಲ್ಲಿ ಒಂದೆರಡು ಸಲ ಇದನ್ನು ಕಂಡಿದ್ದರಂತೆ. "ಅದನ್ನು ಯಾರೂ ಹಿಡಿಯುವುದಿಲ್ಲ ಮಾಷೇ, ತಾನಾಗಿ ಬರುತ್ತದೆ" ಎಂದರು.

"ತಾನಾಗಿ ಬರುತ್ತದೆ." ವ್ಯಾಕರಣ ಕಲಿಸುವವರಾದ ನಾವು ಈ ವಾಕ್ಯದ ಮುಂದೆ ಸ್ವಲ್ಪ ನಿಲ್ಲಬೇಕು. ನಮ್ಮ ಮಕ್ಕಳು "ಬಳಪ ಒಡೆದುಹೋಯಿತು" ಎನ್ನುವರು. "ನಾನು ಒಡೆದೆ" ಎನ್ನುವವನು ಅಪರೂಪ. "ಮರಿಗಳು ಹೋದುವು" ಎಂದನು ಆ ಅಣ್ಣ. ಬಳಪಕ್ಕೆ ಒಡೆಯುವ ಇಚ್ಛೆಯಿಲ್ಲ, ಕಡಲ್ಗುದುರೆಗೆ ಬಲೆಗೆ ಬರುವ ಇಚ್ಛೆಯಿಲ್ಲ. ಆದರೂ ವಾಕ್ಯದಲ್ಲಿ ಅವನ್ನೇ ಕರ್ತೃವಾಗಿ ನಿಲ್ಲಿಸಿ ನಿಜವಾದ ಕರ್ತೃವು ಮರೆಯಾಗುವನು. ಇದು ಸುಳ್ಳಲ್ಲ, ಸುಳ್ಳಾಗಿದ್ದರೆ ಹಿಡಿಯುವುದು ಸುಲಭವಾಗುತ್ತಿತ್ತು. ಮೂರನೆಯ ಬಗೆಯ ಕೆಡುಕು ಅಡಗಿ ಕುಳಿತುಕೊಳ್ಳುವುದು ಇಂಥ ಮಾತಿನಲ್ಲಿಯೇ.

ಈ ಕೆಡುಕನ್ನು ನಮ್ಮ ಹಿರಿಯರು ವಿಚಾರಿಸದೆ ಬಿಟ್ಟವರಲ್ಲ. ವಯನಾಡಿನಲ್ಲಿ ಸುಲ್ತಾನ್ ಬತ್ತೇರಿಯ ಬಸದಿಯೇ ಮೊದಲಾದ ಜೈನಸ್ಥಾನಗಳಿವೆ. ಹಳಗನ್ನಡ ಸಾಹಿತ್ಯದ ಮೂಲಕ ಜೈನರ ವಿಚಾರವು ಕನ್ನಡಿಗರಿಗೆ ಹೊಸದಲ್ಲ. ಜೈನಾಚಾರ್ಯರು ಹಿಂಸೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು: ಕೊಲ್ಲಬೇಕೆಂಬ ಸಂಕಲ್ಪದಿಂದ ಆಗುವುದು, ಮನೆವಾರ್ತೆಯ ಕೆಲಸಗಳಲ್ಲಿ ಆಗುವುದು, ಜೀವನೋಪಾಯದ ಉದ್ಯೋಗದಲ್ಲಿ ಆಗುವುದು, ಆತ್ಮರಕ್ಷಣೆಯಲ್ಲಿ ಆಗುವುದು. ಗೃಹಸ್ಥನು ಮೊದಲನೆಯದನ್ನು ಪೂರ್ತಿಯಾಗಿ ಬಿಡಬೇಕು. ಉಳಿದವನ್ನು ಪೂರ್ತಿ ಬಿಡಲಾಗದಿದ್ದರೂ, ಎಚ್ಚರದಿಂದ ಆದಷ್ಟು ಕಡಮೆ ಮಾಡಬೇಕು. ಆ ಎಚ್ಚರ ತಪ್ಪುವುದಕ್ಕೆ ಅವರು ಪ್ರಮಾದವೆಂದರು. ಪ್ರಮಾದದಿಂದ ಪ್ರಾಣ ತೆಗೆಯುವುದನ್ನೂ ಹಿಂಸೆಯೆಂದೇ ಎಣಿಸಿದರು. ಮೀನು ತಿನ್ನುವ ನಾವು ಆ ಮತದ ಆಚಾರವನ್ನು ಪಾಲಿಸುವವರೆಂದು ಹೇಳಿಕೊಳ್ಳಲಾರೆವು. ಆದರೆ ಅವರ ವಿವೇಚನೆಯಲ್ಲಿ ನಮಗೊಂದು ದಾರಿ ಕಾಣುವುದು. ಉದ್ಯೋಗದ ಹಿಂಸೆಯನ್ನು ಕೊಲೆಯೆಂದು ಹಳಿಯಬೇಕಾಗಿಲ್ಲ. ಉದ್ದೇಶವಿರಲಿಲ್ಲವೆಂದು ಕೈ ತೊಳೆದುಕೊಳ್ಳುವಂತೆಯೂ ಇಲ್ಲ. ತಪ್ಪು ಹೊರಿಸುವುದು ಬೇರೆ, ಹೊಣೆ ಹೊರುವುದು ಬೇರೆ. ತಪ್ಪು ಆದುದನ್ನು ನೋಡುವುದು. ಹೊಣೆ ಇನ್ನು ಮುಂದೆ ಆಗುವುದನ್ನು ನೋಡುವುದು.

ಇದಕ್ಕೆ ಎರಡು ಆಕ್ಷೇಪಣೆಗಳು ಬರುವುವು. ಮೊದಲನೆಯದು ಹೊಟ್ಟೆಯದು. ಕಡಲಿಗೆ ಹೋಗುವವನು ಪ್ರಾಣವನ್ನು ಕೈಯಲ್ಲಿ ಹಿಡಿದು ಹೋಗುವನು. ಬಲೆಯಲ್ಲಿ ಬೆರಳುದ್ದದ ಮೀನೊಂದು ಸತ್ತುಬಂದರೆ ಅವನೇನು ಮಾಡಿಯಾನು? ಈ ಮಾತು ನ್ಯಾಯವಾದುದೇ. ಅದಕ್ಕಾಗಿಯೇ ಈ ಹೊಣೆಯನ್ನು ಅವನೊಬ್ಬನ ತಲೆಯ ಮೇಲೆ ಹಾಕುವುದು ಸಲ್ಲದು. ಅಗ್ಗದ ಮೀನು ಬೇಕೆನ್ನುವವರು ನಾವು. ಬಲೆಯ ಬೇಡದ ಪಾಲು ಅರೆದು ಪುಡಿಯಾಗಿ ಕೋಳಿಯ ಮೇವಿಗೂ ಸಾಕುಮೀನಿನ ಮೇವಿಗೂ ಸೇರುವುದರಿಂದ, ಕಡಲಮೀನನ್ನೇ ಮುಟ್ಟದವನ ಊಟದಲ್ಲಿಯೂ ಅದರ ಋಣವಿರಬಹುದು. ಇದಲ್ಲದೆ, ಬಲೆಗೆ ಎಲ್ಲೆ ಬೇಕೆಂದು ಮೊದಲು ಕೂಗಿದವರು ಕಡಲನ್ನು ಕಾಣದ ನಮ್ಮಂಥವರಲ್ಲ. ಕೇರಳದ ಸಣ್ಣ ಮೀನುಗಾರರೇ ಹೋರಾಡಿದುದರ ಫಲವಾಗಿ 1988ರಿಂದ ಇಲ್ಲಿ ಮಳೆಗಾಲದ ಟ್ರಾಲಿಂಗ್ ನಿಷೇಧವು ನಡೆದುಬಂದಿದೆ. ಈಗ ಅದು 52 ದಿನಗಳದು. ಹೊಟ್ಟೆಗೂ ಎಚ್ಚರಕ್ಕೂ ವೈರವಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಎರಡನೆಯ ಆಕ್ಷೇಪಣೆ, ಕಡಲ್ಗುದುರೆಯಿಂದ ಯಾರಿಗೇನು ಉಪಯೋಗವೆಂಬುದು. ಇದಕ್ಕೆ, ಅದು ಮರಿಗಳನ್ನು ಹೊರುವ ಒಳ್ಳೆಯ ತಂದೆಯಲ್ಲವೇ ಎಂದು ಉತ್ತರ ಹೇಳಲು ನಮಗೂ ಮನಸ್ಸಾಗುವುದು. ಆದರೆ ಅದು ಸರಿಯಾದ ಉತ್ತರವಲ್ಲ. ನಮ್ಮನ್ನು ಹೋಲುವುದರಿಂದ ಮಾತ್ರ ಕಾಪಾಡುವೆವೆಂದರೆ, ಹೋಲದ ಜೀವಿಗಳ ಗತಿಯೇನು? ಮರಿಗಳನ್ನು ಹೊರಬಿಟ್ಟ ಮೇಲೆ ಕಡಲ್ಗುದುರೆಯ ತಂದೆ ಅವುಗಳ ಕಡೆ ತಿರುಗಿಯೂ ನೋಡುವುದಿಲ್ಲ. ಅಷ್ಟಕ್ಕೇ ಅದು ನಮ್ಮ ದಯೆಗೆ ಎರವಾಗಬೇಕೇ? ಅದರ ವಾತ್ಸಲ್ಯವು ನಮ್ಮ ಕಣ್ಣನ್ನು ಅತ್ತ ತಿರುಗಿಸುವುದು, ಅಷ್ಟೇ. ಅದನ್ನು ಉಳಿಸಬೇಕಾದ ಕಾರಣ ಬೇರೆ. ಅದು ನಮಗೇನೂ ಮಾಡಿಲ್ಲ, ಅದು ನಮಗೆ ಬೇಕಾಗಿಯೂ ಇಲ್ಲ. ಬೇಡದುದನ್ನು ಹಾಳುಮಾಡಲು ಯಾವ ಧರ್ಮದಲ್ಲಿಯೂ ಅನುಮತಿಯಿಲ್ಲ.

ಗುರಿಯಿಡದ ಕೆಡುಕಿರುವಂತೆ ಗುರಿಯಿಡದ ಒಳಿತೂ ಉಂಟೆಂಬುದು ಸಮಾಧಾನದ ಸಂಗತಿ. 2022ರಲ್ಲಿ ತಮಿಳುನಾಡು ಸರಕಾರವು ಪಾಕ್ ಕೊಲ್ಲಿಯ 448 ಚದರ ಕಿಲೋಮೀಟರು ಪ್ರದೇಶವನ್ನು ಕಡಲಹಸುವಿನ ರಕ್ಷಿತ ಪ್ರದೇಶವೆಂದು ಸಾರಿತು. ಉದ್ದೇಶ ಕಡಲಹಸುವಿನದು. ಆದರೆ ಕಡಲಹಸು ಮೇಯುವ ಹುಲ್ಲಿಗೇ ಕಡಲ್ಗುದುರೆ ಬಾಲ ಸುತ್ತುವುದು. ಹುಲ್ಲು ಉಳಿದರೆ ಎರಡೂ ಉಳಿಯುವುವು. ಯಾವ ತಳದ ಮೇಲೆ ಬಲೆಯೆಳೆಯಬಾರದೆಂದು ಗೊತ್ತುಮಾಡಿ ಅದರಂತೆ ನಡೆದರೆ, ನಾವು ಹೆಸರನ್ನೇ ಕೇಳದ ಎಷ್ಟೋ ಜೀವಗಳಿಗೂ ನೆರಳಾಗುವುದು.

ಆ ಹುಡುಗನಿಗೆ ನಾವು ಮಳೆಗಾಲ ಮುಗಿಯುವ ಮೊದಲೇ ಉತ್ತರ ಹೇಳಿದೆವು. "ಮರಿಗಳಿಗೆ ಇನ್ನು ಯಾರೂ ಇರಲಿಲ್ಲ. ತಿಂದವರು ನಾವು" ಎಂದು ಕರ್ತೃವನ್ನು ಸೇರಿಸಿಯೇ ಹೇಳಿದೆವು. ಅನಂತರ ತರಗತಿಯವರೆಲ್ಲ ಸೇರಿ ಒಂದು ಕಟ್ಟಳೆ ಮಾಡಿಕೊಂಡರು: ಕೆಂಪು ಮರಿಗಳು ಕಂಡಲ್ಲಿ ಗಾಳ ಹಾಕುವುದಿಲ್ಲ. ಮುಂದಿನ ಮಳೆಗಾಲದಲ್ಲಿ ಕೆಲವರು ಪಾಲಿಸಿದರು, ಕೆಲವರು ಮರೆತರು. ಅಣ್ಣನು ನಕ್ಕನು, ಆದರೆ ತಮ್ಮನು ಜೊತೆಗಿದ್ದ ದಿನ ಗಾಳವನ್ನು ಬೇರೆ ಕಡೆಗೆ ಒಯ್ದನೆಂದು ಕೇಳಿದೆವು. ಆ ದಿನ ಅವರಿಗೆ ಮೀನು ಸಿಕ್ಕಲಿಲ್ಲವಂತೆ.

ಈ ಪುಟಗಳನ್ನು ಓದುವ ಶಿಕ್ಷಕಬಂಧುಗಳಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ನಮ್ಮ ಬಿನ್ನಹವಿಷ್ಟೇ. ಕಡಲತೀರದ ಊರುಗಳಲ್ಲಿರುವವರು ಒಣಮೀನಿನ ರಾಶಿಯಲ್ಲಿ ಕಡಲ್ಗುದುರೆಯನ್ನು ಕಂಡರೆ, ಚಂದದ ಗೊಂಬೆಯೆಂದು ಮನೆಗೆ ಒಯ್ಯದಿರಲಿ. ಅದು ಬಂದದ್ದು ಹೇಗೆಂದು ಕೇಳಲಿ. "ತಾನಾಗಿ ಬಂತು" ಎಂಬ ಉತ್ತರ ಬಂದರೆ, ಆ ವಾಕ್ಯವನ್ನು ತರಗತಿಯ ಕರಿಹಲಗೆಯ ಮೇಲೆ ಬರೆದು, ಕರ್ತೃಪದವನ್ನು ಹುಡುಕಿಸಲಿ. ಹುಡುಕುತ್ತ ಹೋದ ಮಕ್ಕಳು ಕಡೆಗೆ "ನಾವು" ಎಂಬಲ್ಲಿಗೆ ಬಂದು ನಿಂತರೆ, ಅಂದಿನ ಪಾಠ ಸಾರ್ಥಕವಾಯಿತೆಂದು ತಿಳಿಯುವೆವು.