ದಿಗ್ವ್ರತ ಮತ್ತು ಪರದೇಶದ ಸಂಸಾರ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ದಿಗ್ವ್ರತದಷ್ಟು ಉಪೇಕ್ಷೆಗೆ ಒಳಗಾದುದು ಬಹುಶಃ ಬೇರೊಂದಿಲ್ಲ. ಹತ್ತು ದಿಕ್ಕುಗಳಲ್ಲಿ ಇಂತಿಷ್ಟು ದೂರದ ಆಚೆಗೆ ಹೋಗುವುದಿಲ್ಲ, ಅಲ್ಲಿ ವ್ಯವಹಾರ ಮಾಡುವುದಿಲ್ಲ ಎಂದು ಜೀವಮಾನಪರ್ಯಂತ ತನಗೆ ತಾನೇ ಮೇರೆ ಹಾಕಿಕೊಳ್ಳುವುದು ಈ ವ್ರತದ ಸ್ವರೂಪ. ಸಮುದ್ರ, ನದಿ, ಅಡವಿ, ಪರ್ವತ, ಜನಪದ, ಯೋಜನ ಇವುಗಳನ್ನು ಮೇರೆಯಾಗಿ ಹಿಡಿಯಬಹುದೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ತಿಳಿಸಿದ್ದಾರೆ. ಗೋಕಾಕದ ಅಡತಿ ವ್ಯಾಪಾರಿಗೆ ಒಂದು ದಿಕ್ಕಿಗೆ ಕೃಷ್ಣಾ ನದಿ, ಇನ್ನೊಂದು ದಿಕ್ಕಿಗೆ ಸಹ್ಯಾದ್ರಿ ಮೇರೆಯಾದರೆ ಅವನ ಸಂಸಾರ, ವ್ಯಾಪಾರ ಎರಡೂ ಅದರೊಳಗೆ ಸುಖವಾಗಿ ಸಾಗುತ್ತಿದ್ದವು. ಮಗ ಮತ್ತು ಸೊಸೆ ಲಂಡನ್ನಿನಲ್ಲಿ ಮನೆ ಮಾಡಿರುವಾಗ ಆ ಮೇರೆಗೆ ಅರ್ಥವೇನು?

ಸಮುದ್ರೋಲ್ಲಂಘನವೇ ಪಾಪವೆಂಬ ಮಾತನ್ನು ಮೊದಲು ಬದಿಗಿಡಬೇಕು. 1893ರಲ್ಲಿ ಶಿಕಾಗೋದ ಸರ್ವಧರ್ಮ ಸಮ್ಮೇಳನಕ್ಕೆ ಆಚಾರ್ಯ ಆತ್ಮಾರಾಮಜಿಯವರಿಗೆ ಆಮಂತ್ರಣ ಬಂದಿತು. ಮುನಿಧರ್ಮಕ್ಕೆ ನೌಕಾಯಾನ ಸಲ್ಲದಾದ್ದರಿಂದ ಅವರು ಗೃಹಸ್ಥರಾದ ವೀರಚಂದ ರಾಘವಜಿ ಗಾಂಧಿಯವರನ್ನು ಕಳುಹಿಸಿದರು. ಸಮಾಜದ ಕೆಲವರು ಆಕ್ಷೇಪಿಸಿದರು, ಆಚಾರ್ಯರು ಜಗ್ಗಲಿಲ್ಲ. ದಿಗ್ವ್ರತದ ಮೇರೆ ಶ್ರಾವಕನು ತಾನಾಗಿ ಹಾಕಿಕೊಳ್ಳತಕ್ಕದ್ದು, ಪಂಚರು ಹಾಕತಕ್ಕದ್ದಲ್ಲ.

ಹಾಗಾದರೆ ಮೇರೆ ಏತಕ್ಕೆ? ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಕೊಟ್ಟ ಕಾರಣ ವ್ಯಾಪಾರಿಗೆ ನೇರವಾಗಿ ತಟ್ಟುವಂಥದು. ಮೇರೆಯ ಆಚೆ ಲಾಭವಿದ್ದರೂ ಮನಸ್ಸು ಅತ್ತ ಹರಿಯದಿರುವುದರಿಂದ ಲೋಭದ ನಿರಾಕರಣೆಯಾಗುತ್ತದೆ ಎಂಬುದು ಅದರ ತಾತ್ಪರ್ಯ. ಅಂದರೆ ಅಳತೆಗೋಲು ಹರದಾರಿ ಮೈಲುಗಳದಾದರೂ ಅಳೆಯುವುದು ಲೋಭವನ್ನು.

ಪರದೇಶದಲ್ಲಿ ದುಡಿಯುವ ದಂಪತಿಗಳ ದಿನಚರಿಯನ್ನು ಈ ದೃಷ್ಟಿಯಿಂದ ನೋಡಬೇಕು. ಹುಕ್ಕೇರಿಯ ಮನೆತನದ ಮಗ, ಮೂಡಲಗಿಯ ಮನೆತನದ ಮಗಳು, ಇಬ್ಬರೂ ಲಂಡನ್ನಿನ ಕಚೇರಿಗಳಲ್ಲಿ ನೌಕರರು ಎಂದುಕೊಳ್ಳೋಣ. ಗೋಕಾಕದ ಸೀಮೆಯಲ್ಲಿ ಸೂರ್ಯಾಸ್ತವು ಡಿಸೆಂಬರದಲ್ಲಿ ಸುಮಾರು 6 ಗಂಟೆಗೆ, ಜೂನದಲ್ಲಿ 7 ಗಂಟೆ ದಾಟಿದ ಮೇಲೆ. ವರ್ಷವಿಡೀ ವ್ಯತ್ಯಾಸ ಒಂದು ತಾಸಿನ ಆಸುಪಾಸು. ರಾತ್ರಿಭೋಜನತ್ಯಾಗ ಇಲ್ಲಿ ರೂಢಿಯಿಂದಲೇ ನಡೆದುಹೋಗುತ್ತದೆ. ಲಂಡನ್ನಿನಲ್ಲಿ ಡಿಸೆಂಬರದ ಸೂರ್ಯ ಬೆಳಿಗ್ಗೆ 8ಕ್ಕೆ ಹುಟ್ಟಿ ಮಧ್ಯಾಹ್ನ 4 ಗಂಟೆಯೊಳಗೇ ಮುಳುಗುತ್ತಾನೆ. ಜೂನದಲ್ಲಿ ಅಲ್ಲಿಯ ಗಡಿಯಾರ ರಾತ್ರಿ 9 ದಾಟಿದರೂ ಬೆಳಕಿರುತ್ತದೆ. ಚಳಿಗಾಲದಲ್ಲಿ ಆ ಸೊಸೆ ಮೂರೂವರೆಗೆ ಕಚೇರಿಯ ಮೇಜಿನ ಮೇಲೆಯೇ ಡಬ್ಬಿ ಬಿಚ್ಚಿ ಎರಡು ಚಪಾತಿ, ಪಲ್ಯ ತಿಂದು ಮುಗಿಸಬೇಕು. ಸಹೋದ್ಯೋಗಿಗಳು ಕಾರಣ ಕೇಳುತ್ತಾರೆ. ಒಮ್ಮೆ ಹೇಳಬೇಕು, ಮತ್ತೊಮ್ಮೆ ಹೇಳಬೇಕು. ಚೀಜಿನಲ್ಲಿ ಕರುವಿನ ಜಠರದ ರೆನೆಟ್ ಇದೆಯೋ, ಮಿಠಾಯಿಯಲ್ಲಿ ಜೆಲಟಿನ್ ಇದೆಯೋ ಎಂದು ಪ್ರತಿ ಪೊಟ್ಟಣವನ್ನೂ ತಿರುವಿ ಓದಬೇಕು. ಕಚೇರಿಯ ಔತಣದಲ್ಲಿ ಗಂಡನು ಹಣ್ಣಿನ ರಸ ಹಿಡಿದು ನಿಂತರೆ ಅವನನ್ನು ಬಿಂಕದವನೆಂದು ತಿಳಿಯುವವರೂ ಉಂಟು. ಲೆಸ್ಟರ್ ನಗರದಲ್ಲಿ 1988ರಲ್ಲಿ ಪ್ರತಿಷ್ಠೆಯಾದ ಜೈನ ಮಂದಿರಕ್ಕೆ ಲಂಡನ್ನಿನಿಂದ ಹೋಗಿಬರುವಷ್ಟರಲ್ಲಿ ರಜೆಯ ಒಂದು ದಿನ ಮುಗಿಯುತ್ತದೆ.

ಬಸದಿಯ ಓಣಿಯಲ್ಲಿ ಹುಟ್ಟಿದವನಿಗೆ ಈ ಆಚಾರಗಳು ಶ್ರಮವಿಲ್ಲದೆ ಬಂದಿರುತ್ತವೆ. ಇವರು ಪ್ರತಿದಿನ ಆರಿಸಿಕೊಂಡು ಪಾಲಿಸಬೇಕು. ಪಾಲಿಸುವ ದಂಪತಿಗಳನ್ನು ಊರಿನವರು ‘ಪರದೇಶಕ್ಕೆ ಹೋಗಿ ಧರ್ಮ ಬಿಟ್ಟವರು’ ಎಂಬ ಒಂದೇ ಸಾಲಿನಲ್ಲಿ ಸೇರಿಸುವುದು ಅನ್ಯಾಯ. ಬಿಟ್ಟವರೂ ಇದ್ದಾರೆ, ನಿಜ. ಬಿಟ್ಟವರು ಬೆಳಗಾವಿಯಲ್ಲಿಯೂ ಇದ್ದಾರೆ.

ಆದರೆ ನಿಜವಾದ ಪ್ರಶ್ನೆ ಊರಿನ ಮನೆಗೆ ಸಂಬಂಧಿಸಿದ್ದು. ದಿಗ್ವ್ರತದೊಳಗೇ ಒಂದು ದಿನ, ಒಂದು ತಿಂಗಳು, ಒಂದು ಚಾತುರ್ಮಾಸ ಎಂದು ಇನ್ನೂ ಕಿರಿದಾದ ಮೇರೆ ಹಾಕಿಕೊಳ್ಳುವುದು ದೇಶವ್ರತ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅದರ ಅತಿಚಾರಗಳನ್ನು ಐದಾಗಿ ಎಣಿಸುತ್ತದೆ: ಮೇರೆಯ ಆಚೆಯಿಂದ ವಸ್ತು ತರಿಸುವ ಆನಯನ, ತಾನು ಹೋಗದೆ ಇನ್ನೊಬ್ಬರಿಂದ ಕೆಲಸ ಮಾಡಿಸುವ ಪ್ರೇಷ್ಯಪ್ರಯೋಗ, ಆಚೆಯವರಿಗೆ ದನಿಯಿಂದ ಸನ್ನೆ ಮಾಡುವ ಶಬ್ದಾನುಪಾತ, ಮೈದೋರಿ ಸೂಚಿಸುವ ರೂಪಾನುಪಾತ, ಹೆಂಟೆ ಕಲ್ಲು ಎಸೆದು ತಿಳಿಸುವ ಪುದ್ಗಲಕ್ಷೇಪ. ದೂರವಾಣಿ, ಪರದೆಯ ಮೇಲಿನ ಮುಖದರ್ಶನ, ಕೂತಲ್ಲಿಂದಲೇ ಹಣ ತರಿಸುವ ಬ್ಯಾಂಕು ಇವು ಯಾವುವೂ ಇಲ್ಲದ ಕಾಲದಲ್ಲಿ ಮಾಡಿದ ಎಣಿಕೆಯಿದು.

ಚಾತುರ್ಮಾಸದಲ್ಲಿ ಮುನಿಮಹಾರಾಜರ ಸನ್ನಿಧಿಯಲ್ಲಿ ಮೂಡಲಗಿಯ ಮೇರೆ ದಾಟುವುದಿಲ್ಲವೆಂದು ನಿಯಮ ಹಿಡಿದ ತಂದೆ, ಸಂಜೆ ಲಂಡನ್ನಿನ ಮಗನೊಂದಿಗೆ ಮಾತನಾಡುತ್ತಾನೆ. ಆರೋಗ್ಯ ವಿಚಾರಿಸಿದರೆ, ಮೊಮ್ಮಗಳಿಗೆ ಣಮೋಕಾರ ಹೇಳಿಕೊಟ್ಟರೆ ಅದನ್ನು ಅತಿಚಾರವೆನ್ನಲಾಗದು. ಸೂತ್ರದ ಕಣ್ಣಿರುವುದು ಮೇರೆಯ ಆಚೆ ಕಾರ್ಯ ಸಾಧಿಸುವ ಇಚ್ಛೆಯ ಮೇಲೆ. ‘ಇನ್ನೆರಡು ವರ್ಷ ಅಲ್ಲಿಯೇ ಇರು, ಸಂಬಳ ಹೆಚ್ಚಿನ ಕಡೆ ಸೇರು, ರಸ್ತೆಗೆ ಹತ್ತಿದ ಪ್ಲಾಟು ಬಂದಿದೆ, ಹಣ ಕಳಿಸು’ ಎಂದರೆ? ಕಾಲು ಮೂಡಲಗಿಯಲ್ಲಿದೆ, ಲೋಭ ಲಂಡನ್ನಿನಲ್ಲಿ ದುಡಿಯುತ್ತಿದೆ. ಇದಕ್ಕೆ ಪ್ರೇಷ್ಯಪ್ರಯೋಗವಲ್ಲದೆ ಬೇರೆ ಹೆಸರಿಲ್ಲ. ಮರಳಿ ಬರುತ್ತೇವೆಂದ ದಂಪತಿಗಳನ್ನು ತಡೆಯುವುದು ಅನೇಕ ಸಲ ಇಂಥ ಮಾತುಗಳೇ.

ಮಗನಿಗೂ ಲೆಕ್ಕ ತಪ್ಪಿದ್ದಲ್ಲ. ದಿಗ್ವ್ರತದ ಅತಿಚಾರಗಳಲ್ಲಿ ಕ್ಷೇತ್ರವೃದ್ಧಿ ಮತ್ತು ಸ್ಮೃತ್ಯಂತರಾಧಾನ ಎಂಬ ಎರಡಿವೆ. ಲೋಭದಿಂದ ಮೇರೆಯನ್ನು ಹಿಗ್ಗಿಸುವುದು ಮೊದಲನೆಯದು, ಹಾಕಿದ ಮೇರೆಯನ್ನು ಮರೆಯುವುದು ಎರಡನೆಯದು. ಮನೆಯ ಸಾಲ ತೀರುವವರೆಗೆ ಎಂದು ಹೋದವನು ಸಾಲ ತೀರಿದ ಮೇಲೆ ಲಂಡನ್ನಿನಲ್ಲೊಂದು ಮನೆಗೆ ಎನ್ನುತ್ತಾನೆ, ಆ ಬಳಿಕ ಎರಡನೆಯ ಮನೆಗೆ. ಹೊರಡುವಾಗ ಮೊತ್ತವನ್ನೂ ಅವಧಿಯನ್ನೂ ಕಾಗದದ ಮೇಲೆ ಬರೆದು ಸಹಿ ಮಾಡಿದ್ದರೆ ಮರೆಯುವುದು ಕಷ್ಟವಾಗುತ್ತಿತ್ತು. ಹತ್ತು ರೂಪಾಯಿಯ ಉದ್ರಿಯನ್ನೂ ಕೀರ್ದಿಯಲ್ಲಿ ಬರೆದಿಡುವ ಸಮಾಜಕ್ಕೆ ಇದು ಹೊಸ ವಿದ್ಯೆಯಲ್ಲ.

ಬಸದಿಯ ಟ್ರಸ್ಟುಗಳೂ ಇದರಲ್ಲಿ ಪಾಲುದಾರರೇ. ಪಂಚಕಲ್ಯಾಣಕ್ಕೆ, ಶಿಖರಕ್ಕೆ, ಮಾನಸ್ತಂಭಕ್ಕೆ ಹಣ ಬೇಕಾದಾಗ ಪರದೇಶದ ವಿಳಾಸಗಳ ಪಟ್ಟಿ ಮೊದಲು ಹೊರಬರುತ್ತದೆ. ದಾನ ಸ್ವೀಕರಿಸುವುದರಲ್ಲಿ ದೋಷವಿಲ್ಲ. ಆದರೆ ಆ ಪಟ್ಟಿಯ ದಂಪತಿಗಳಿಗೆ ಪಾವತಿಯ ಹೊರತು ಬೇರೊಂದು ಪತ್ರ ಹೋಗುವುದು ಅಪರೂಪ. ಅಲ್ಲಿಯ ಸೂರ್ಯೋದಯ, ಸೂರ್ಯಾಸ್ತಗಳನ್ನು ಲೆಕ್ಕಹಾಕಿದ ಒಂದು ಪಂಚಾಂಗದ ಹಾಳೆ, ಪರ್ಯುಷಣದ ಹತ್ತು ದಿನಗಳಲ್ಲಿ ಕಚೇರಿಗೆ ಹೋಗಿಯೂ ಪಾಲಿಸಬಹುದಾದ ನಿಯಮಗಳ ಒಂದು ಪುಟ, ಇಷ್ಟನ್ನು ದಾನದ ರಶೀದಿಯೊಂದಿಗೆ ಒಂದೇ ಲಕ್ಕೋಟೆಯಲ್ಲಿ ಕಳುಹಿಸಬಹುದು.