ದಯೆಯ ಬೆಲೆ ತೆರುವವರು

ಶ್ರಾವಣ ಶುದ್ಧ ಪಂಚಮಿಯಂದು ಮಹಾಲಿಂಗಪುರದ ಮನೆಮನೆಗಳಲ್ಲಿ ಎಳ್ಳುಂಡಿ, ಶೇಂಗಾದುಂಡಿ, ಅಳ್ಳುಗಳ ಸಂಭ್ರಮ ತುಂಬಿರುವಾಗ ಹುತ್ತಕ್ಕೂ ಮಣ್ಣಿನ ನಾಗಪ್ಪನಿಗೂ ಭಕ್ತಿಯಿಂದ ಹಾಲೆರೆದು ಬಂದ ಕುಟುಂಬವೇ, ಕೆಲವು ದಿನಗಳ ತರುವಾಯ ಹಿತ್ತಲಿನಲ್ಲಿ ಜೀವಂತ ನಾಗರವೊಂದು ಹೆಡೆಯೆತ್ತಿದೊಡನೆ ಬಡಿಗೆಯನ್ನು ಅರಸತೊಡಗುವುದುಂಟು. ಈ ವೈಪರೀತ್ಯವನ್ನು ಹನ್ನೆರಡನೆಯ ಶತಮಾನದಲ್ಲಿಯೇ ಬಸವಣ್ಣನವರು ಕಂಡು, ಕಲ್ಲಿನ ಸರ್ಪಕ್ಕೆ ಹಾಲನ್ನೂ ದಿಟದ ಸರ್ಪಕ್ಕೆ ಮರಣವನ್ನೂ ವಿಧಿಸುವ ನಮ್ಮ ನಡತೆಯನ್ನು ವಚನವೊಂದರಲ್ಲಿ ಖಂಡಿಸಿದರು. ಅವರ ಐಕ್ಯಸ್ಥಳವಾದ ಕೂಡಲಸಂಗಮವು ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿಯೇ ಇದೆ. ಅವರು ಐಕ್ಯರಾದುದೂ ಈ ಪಂಚಮಿಯಂದೇ ಎಂಬುದು ಪರಂಪರೆಯ ನಂಬಿಕೆ. ಆದುದರಿಂದ ಆ ಖಂಡನೆಗೆ ಉತ್ತರ ಹೇಳಬೇಕಾದ ಹೊಣೆ ಈ ಸೀಮೆಯವರಿಗೆ ತುಸು ಹೆಚ್ಚಿನದೆಂದೇ ನಾನು ಭಾವಿಸುತ್ತೇನೆ.

ಕೊಲ್ಲಲಾಗದು ಎಂದಷ್ಟರಿಂದ ಉತ್ತರ ಪೂರ್ಣವಾಗದು. ಬೀಳಗಿ ಮುಧೋಳಗಳ ಸೀಮೆಯ ಯಡಹಳ್ಳಿಯಲ್ಲಿ ಚಿಂಕಾರಗಳಿಗಾಗಿ ವನ್ಯಜೀವಿಧಾಮವಿದೆ; ಆ ಸಾಧುಮೃಗದ ಮೇಲಣ ಕರುಣೆಯು ಪಟ್ಟಣವಾಸಿಯಿಂದ ಯಾವ ತ್ಯಾಗವನ್ನೂ ಬೇಡುವುದಿಲ್ಲ. ಹಾವಿಗಾದರೋ ಅಂತಹ ಎಲ್ಲೆಯಿಲ್ಲ. ಕಬ್ಬಿನ ಹೊಲ, ಗಾಣದ ಬಳಿಯ ರವದಿಯ ರಾಶಿ, ಕಾಳಿನ ಕೋಣೆ ಇವೆಲ್ಲಕ್ಕೂ ಇಲಿ ಬರುತ್ತದೆ, ಇಲಿಯನ್ನರಸಿ ಹಾವು ಬರುತ್ತದೆ. ನಮ್ಮ ದೇಶದಲ್ಲಿ 2000ದಿಂದ 2019ರವರೆಗೆ ಹಾವಿನ ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಮಂದಿ ಮೃತರಾದರೆಂದು ವಿದ್ವಾಂಸರು ಅಂದಾಜು ಮಾಡಿದ್ದಾರೆ. ಅವರಲ್ಲಿ ಬಹುಪಾಲು ಗ್ರಾಮವಾಸಿಗಳು. ಕಟ್ಟುಹಾವಿನ ಕಡಿತಕ್ಕೆ ನೋವೇ ಅಲ್ಪ. ರಾತ್ರಿ ನೆಲದ ಮೇಲೆ ಮಲಗಿದವನಿಗೆ ಅನೇಕ ವೇಳೆ ಎಚ್ಚರವೂ ಆಗದು. ಮಂಚವೂ ಸೊಳ್ಳೆಪರದೆಯೂ ಉಳ್ಳ ನಾನು ಸರ್ಪದಯೆಯನ್ನು ಬೋಧಿಸಿ, ಗುಡಿಸಲಿನಲ್ಲಿ ಚಾಪೆಯ ಮೇಲೆ ಮಲಗುವ ಕಬ್ಬು ಕಡಿಯುವವನು ತನ್ನ ಪ್ರಾಣದಿಂದ ಅದರ ಬೆಲೆಯನ್ನು ತೆರುವಂತಾದರೆ, ಅದನ್ನು ಧರ್ಮವೆಂದು ಕರೆಯಲು ನನ್ನ ಮನಸ್ಸು ಒಪ್ಪದು.

ಇನ್ನು ಕಡಿತವನ್ನು ನಾಗದೋಷದ ಫಲವೆಂದೋ ಹಣೆಬರಹವೆಂದೋ ವಿವರಿಸುವವರಿದ್ದಾರೆ. ಈ ವಿವರಣೆಯು ಇಬ್ಬರಿಗೂ ಅನ್ಯಾಯವೆಸಗುತ್ತದೆ: ತುಳಿತದ ಭಯದಿಂದ ಆತ್ಮರಕ್ಷಣೆಗಾಗಿ ಕಚ್ಚಿದ ಪ್ರಾಣಿಯು ಹಗೆ ಸಾಧಿಸುವ ಕ್ರೂರಿಯಾಗುತ್ತದೆ, ಕತ್ತಲಲ್ಲಿ ನೀರು ಹಾಯಿಸಲು ಹೋದ ಒಕ್ಕಲಿಗನು ಪಾಪಿಯಾಗುತ್ತಾನೆ. ಹಾವಿಗೆ ದ್ವೇಷವಿಲ್ಲ, ಹಾಲು ಅದರ ಆಹಾರವೂ ಅಲ್ಲ. ಅದನ್ನು ದೇವರೆಂದು ಬಗೆದು ಬೇಡುವುದಕ್ಕಿಂತ, ಶತ್ರುವೆಂದು ಬಗೆದು ಬಡಿಯುವುದಕ್ಕಿಂತ, ತನ್ನ ಹಸಿವನ್ನೂ ಭಯವನ್ನೂ ಹೊತ್ತು ಬಾಳುವ ನೆರೆಯ ಜೀವವೆಂದು ಅರಿಯುವುದು ಹೆಚ್ಚು ಕಠಿನವಾದ ಸಾಧನೆ, ಮತ್ತು ನನ್ನ ದೃಷ್ಟಿಯಲ್ಲಿ ಹೆಚ್ಚು ಧಾರ್ಮಿಕವಾದುದು.

ನೆರೆಯೆಂದರೆ ಅಂತರವೂ ಬೇಕು. ಗೋಡೆಯ ಬದಿಯ ಕಲ್ಲು ಕಟ್ಟಿಗೆಗಳ ಗುಡ್ಡೆಯನ್ನು ತೆಗೆಯುವುದು, ಕಾಳನ್ನು ಇಲಿಗೆ ನಿಲುಕದಂತೆ ಇರಿಸುವುದು, ರಾತ್ರಿ ಬ್ಯಾಟರಿಯಿಲ್ಲದೆ ಹೊರಡದಿರುವುದು ಇವು ಪೂಜೆಗಿಂತ ಕಡಿಮೆಯ ಕೆಲಸಗಳಲ್ಲ, ಹಾವೂ ಮನುಷ್ಯನೂ ಎದುರುಬದುರಾಗದಂತೆ ಕಾಯುವವು ಇವೇ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ನಮ್ಮ ದೇಶದಲ್ಲಿ ಪ್ರತಿವಿಷ ಸಿದ್ಧವಾಗುತ್ತದೆ. ಕರ್ನಾಟಕ ಸರಕಾರವು 2024ರಲ್ಲಿ ಪ್ರತಿಯೊಂದು ಕಡಿತದ ವರದಿಯನ್ನೂ ಆಸ್ಪತ್ರೆಗಳು ಸಲ್ಲಿಸಬೇಕೆಂದು ವಿಧಿಸಿತು. ಇದು ಸಂಪೂರ್ಣವಾಗಿ ಜಾರಿಯಾದರೆ, ಪ್ರತಿವಿಷ ಎಲ್ಲಿ ಎಷ್ಟು ಬೇಕೆಂಬುದು ತಿಳಿದೀತು.

ಮಠಗಳ ಸ್ವಾಮಿಗಳಲ್ಲಿಯೂ ಓಣಿಯ ಹಿರಿಯರಲ್ಲಿಯೂ ನನ್ನ ಪ್ರಾರ್ಥನೆ ಇಷ್ಟೆ: ಬರುವ ಪಂಚಮಿಯಂದು ನೆರೆದ ಜನರಿಗೆ ತಿಳಿಹೇಳಿರಿ, ಮನೆಗೆ ಹಾವು ಬಂದರೆ ಬಡಿಯದೆ ದೂರ ನಿಂತು ಅರಣ್ಯ ಇಲಾಖೆಯವರನ್ನೋ ಹಾವು ಹಿಡಿಯಬಲ್ಲವರನ್ನೋ ಕರೆಸಲಿ, ಕಚ್ಚಿಸಿಕೊಂಡವನನ್ನು ಮಂತ್ರ ಹಾಕುವವರ ಬಾಗಿಲಿಗೆ ಒಯ್ದು ಹೊತ್ತು ಕಳೆಯದೆ, ಪ್ರತಿವಿಷವಿರುವ ಆಸ್ಪತ್ರೆಗೆ ಕೂಡಲೇ ಕರೆದೊಯ್ಯಲಿ.