ಹಣೆಯ ಬೂದಿ

ಕೆಥೊಲಿಕ ಕ್ರೈಸ್ತರ ತಪಸ್ಸುಕಾಲ ಬೂದಿ ಬುಧವಾರದಂದು ಮೊದಲಾಗುತ್ತದೆ. ಹಿಂದಿನ ವರ್ಷ ಗರಿಗಳ ಭಾನುವಾರ ಹಂಚಿದ ಗರಿಗಳನ್ನು ಸುಟ್ಟು ಮಾಡಿದ ಬೂದಿ ಅದು. ಅದನ್ನು ಪಾದ್ರಿಗಳು ಒಬ್ಬೊಬ್ಬರ ಹಣೆಗೂ ಹಚ್ಚಿ, ಮಣ್ಣಿನಿಂದ ಬಂದದ್ದು ಮಣ್ಣಿಗೇ ಸೇರತಕ್ಕದ್ದೆಂದು ನೆನಪಿಸುತ್ತಾರೆ. ಅದೇ ಪೂಜೆಯಲ್ಲಿ, ಬೂದಿ ಹಚ್ಚುವುದಕ್ಕೆ ಸ್ವಲ್ಪ ಮುಂಚೆ ಓದುವ ಸುವಾರ್ತೆ ಮತ್ತಾಯನ ಆರನೆಯ ಅಧ್ಯಾಯದ್ದು. ಜನ ನೋಡಲೆಂದು ದಾನ ಮಾಡಬೇಡಿ. ಪ್ರಾರ್ಥಿಸುವುದಾದರೆ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಳ್ಳಿ. ಉಪವಾಸವಿದ್ದರೆ ಮುಖ ತೊಳೆದು, ತಲೆಗೆ ಎಣ್ಣೆ ಹಚ್ಚಿ, ಯಾರಿಗೂ ತಿಳಿಯದಂತಿರಿ ಎಂಬುದು ಅದರ ಸಾರ. ಇದನ್ನು ಕೇಳಿ ಎದ್ದ ನಾವೆಲ್ಲರೂ ಸಾಲಾಗಿ ಹೋಗಿ, ಊರಿಗೆಲ್ಲ ಕಾಣುವಂತೆ ಹಣೆಗೆ ಬೂದಿ ಹಚ್ಚಿಸಿಕೊಂಡು ಹೊರಗೆ ಬರುತ್ತೇವೆ! ನಲವತ್ತು ವರ್ಷಗಳಿಂದ ಹಚ್ಚಿಸಿಕೊಳ್ಳುತ್ತ ಬಂದ ನನಗೆ ಇದರಲ್ಲಿ ಯಾವ ವಿರೋಧವೂ ಕಂಡಿರಲಿಲ್ಲ. ಈ ವರ್ಷ ನನ್ನ ಮಗಳಿಗೆ ಕಂಡಿತು.

ಅವಳಿಗೆ ಹದಿನಾರು. ಅಂದು ಸಂಜೆ ನಾವು ದಿನದಂತೆ ದೇವರ ಪಟದ ಮುಂದೆ ಮೊಣಕಾಲೂರಿದಾಗ ಅವಳು ಬಾಗಿಲಲ್ಲೇ ನಿಂತು, "ಇವತ್ತಿನಿಂದ ನಾನು ಕೂರುವುದಿಲ್ಲ ಪಪ್ಪಾ. ನನಗೆ ಏನೂ ಅನ್ನಿಸುವುದಿಲ್ಲ. ಅನ್ನಿಸದೆ ಹೇಳಿದರೆ ಅದು ಇವತ್ತು ಓದಿದರಲ್ಲ, ಅದೇ ಆಯಿತಲ್ಲ?" ಎಂದಳು. ಮನೆಯಲ್ಲಿ ನಾವು ಆಡುವುದು ಕೊಂಕಣಿ. ಆದರೂ ಮಾತಿನ ಮೊನೆ ಕನ್ನಡದಲ್ಲಿಯೂ ಹೀಗೆಯೇ ಇದೆ.

ನಾನು ಹುಟ್ಟಿ ಬೆಳೆದದ್ದು ಬಂಟ್ವಾಳ ತಾಲೂಕಿನ ಒಂದು ಹಳ್ಳಿಯಲ್ಲಿ. ಅಲ್ಲಿ ಸಂಜೆಯ ಜಪಸರಕ್ಕೆ ತೇರ್ಸ್ ಎನ್ನುತ್ತಾರೆ. ಮೂರನೆಯ ಒಂದು ಪಾಲು ಎಂಬ ಅರ್ಥದ ಪೋರ್ಚುಗೀಸ್ ಶಬ್ದದಿಂದ ಬಂದದ್ದು. ಹದಿನೈದು ರಹಸ್ಯಗಳಲ್ಲಿ ದಿನಕ್ಕೆ ಐದನ್ನು ಧ್ಯಾನಿಸುವುದರಿಂದ ಆ ಹೆಸರು. 2002ರಲ್ಲಿ ಪೋಪ್ ಎರಡನೆಯ ಜಾನ್ ಪೌಲರು ಇನ್ನೈದನ್ನು ಸೇರಿಸಿದ ಮೇಲೆ ಅದು ಕಾಲು ಪಾಲಾಗಿದೆ. ಹೆಸರು ಮಾತ್ರ ಹಾಗೆಯೇ ಇದೆ. (ಭಾಷೆಯ ಮೇಷ್ಟರಿಗೆ ಇಂಥ ಸಂಗತಿಗಳು ಪ್ರಾರ್ಥನೆಯ ನಡುವೆಯೇ ಹೊಳೆಯುತ್ತವೆಂಬುದನ್ನು ಒಪ್ಪಿಕೊಳ್ಳುತ್ತೇನೆ.) ದೀಪ ಹಚ್ಚುವ ಹೊತ್ತಿಗೆ ಅಜ್ಜಿ ಮೊಣಕಾಲೂರಿದರೆ ಐವತ್ತಮೂರು 'ನಮೋ ಮರಿಯ' ಮುಗಿಯುವ ತನಕ ಬೆನ್ನು ಬಾಗಿಸುತ್ತಿರಲಿಲ್ಲ. ನಾವು ಮೊಮ್ಮಕ್ಕಳು ಗೋಡೆಗೆ ಒರಗುತ್ತಿದ್ದೆವು, ಒಬ್ಬರನ್ನೊಬ್ಬರು ಚಿವುಟುತ್ತಿದ್ದೆವು, ನಾಲ್ಕನೆಯ ರಹಸ್ಯದ ಹೊತ್ತಿಗೆ ತೂಕಡಿಸುತ್ತಿದ್ದೆವು. ಅಮ್ಮ ಅಡುಗೆಮನೆಯಿಂದಲೇ, ಒಲೆಯ ಮೇಲಿನ ಸಾರಿಗೆ ಸೌಟು ಹಾಕುತ್ತ, ಉತ್ತರಾರ್ಧವನ್ನು ಹೇಳುತ್ತಿದ್ದಳು. ಪಕ್ಕದ ಮನೆಯ ತುಳುವ ಹೆಂಗಸು ನಮ್ಮ ಪ್ರಾರ್ಥನೆ ಕೇಳಿಸಿದ ಮೇಲೆ ರಾತ್ರಿಯ ಅನ್ನಕ್ಕೆ ಎಸರಿಡುತ್ತಿದ್ದರು. ಕೊನೆಯಲ್ಲಿ ಮಕ್ಕಳು ಕೈಮುಗಿದು ಹಿರಿಯರಿಂದ 'ಬೆಸಾಂವ್' ಬೇಡಬೇಕು, ಎಂದರೆ ಆಶೀರ್ವಾದ. ಹತ್ತು ನಿಮಿಷದ ಹಿಂದೆ ನಮ್ಮನ್ನು ಗದರಿದ ಅಜ್ಜಿಯ ಕೈಯೇ ಆಗ ತಲೆಯ ಮೇಲೆ ಬರುತ್ತಿತ್ತು.

ಇದು ಪ್ರಾರ್ಥನೆಯಾಗಿತ್ತೆ? ಪ್ರಾಮಾಣಿಕವಾಗಿ ಹೇಳುವುದಾದರೆ ನನ್ನ ಮನಸ್ಸು ಹೆಚ್ಚಿನ ದಿನ ಅಡುಗೆಮನೆಯಲ್ಲೇ ಇರುತ್ತಿತ್ತು. ಆದರೆ ನಾನು ಅದನ್ನು ಯಾರಿಗೂ ಹೇಳಲಿಲ್ಲ. ನನ್ನ ಮಗಳು ಹೇಳಿದಳು, ಅಷ್ಟೇ ವ್ಯತ್ಯಾಸ.

ಅವಳಿಗೆ ನಾನು ಕೊಟ್ಟ ಮೊದಲ ಉತ್ತರಗಳು ಒಳ್ಳೆಯವಾಗಿರಲಿಲ್ಲ. ಒಂದು, ಚರಿತ್ರೆ. 1784ರಲ್ಲಿ ಟಿಪ್ಪು ಸುಲ್ತಾನನು ಕೆನರಾದ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಅದು ಬೂದಿ ಬುಧವಾರದಂದೇ ಮೊದಲಾಯಿತೆಂದು ನಮ್ಮವರು ಹೇಳಿಕೊಂಡು ಬಂದಿದ್ದಾರೆ. ಊರಿನ ಬಹುಪಾಲು ಇಗರ್ಜಿಗಳು ನೆಲಸಮವಾದವು, ಪಾದ್ರಿಗಳನ್ನು ಹೊರಗಟ್ಟಲಾಯಿತು. 1799ರಲ್ಲಿ ಸುಲ್ತಾನನು ಮಡಿದ ಮೇಲೆ ಬದುಕಿ ಉಳಿದವರು ಮರಳಿದರು. ಆ ಹದಿನೈದು ವರ್ಷ ಪ್ರಾರ್ಥನೆ ಉಳಿದಿದ್ದರೆ ಅದು ತಾಯಂದಿರ ಬಾಯಲ್ಲಿ ಉಳಿದಿರಬೇಕು, ಅಂಥವರ ಮೊಮ್ಮಗಳು ನೀನು ಎಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, "ಅವರಿಗೆ 'ಬಿಡು' ಎನ್ನುವವರಿದ್ದರು, ಅವರು ಬಿಡಲಿಲ್ಲ. ನನಗೆ 'ಮಾಡು' ಎನ್ನುವವರಿದ್ದಾರೆ. ಎರಡೂ ಒಂದೇ ಹೇಗಾಗುತ್ತದೆ?" ಎಂದಳು. ಉತ್ತರ ತೋರಲಿಲ್ಲ.

ಇನ್ನೊಂದು ಉತ್ತರ, ಕೂಡಿ ಪ್ರಾರ್ಥಿಸುವ ಮನೆ ಒಡೆಯುವುದಿಲ್ಲವೆಂಬುದು. ಐರ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಪ್ಯಾಟ್ರಿಕ್ ಪೇಟನ್ ಎಂಬ ಪಾದ್ರಿಗಳು ಕಳೆದ ಶತಮಾನದ ನಡುವಿನಲ್ಲಿ ರೇಡಿಯೋದ ಮೂಲಕ ಈ ಮಾತನ್ನು ಜಗತ್ತಿಗೆಲ್ಲ ಹಬ್ಬಿಸಿದರು. ಹೇಳುತ್ತಿದ್ದಂತೆಯೇ ನನಗೇ ಅದು ಸಪ್ಪೆಯೆನ್ನಿಸಿತು. ಮನೆಯವರು ಒಟ್ಟಿಗಿರುವುದೇ ಗುರಿಯಾದರೆ ಕೇರಂ ಹಲಗೆಯೂ ಆದೀತು. ದೇವರನ್ನು ಸಂಸಾರದ ಬೆಸುಗೆಗೆಂದು ಕರೆಯುವುದು ಭಕ್ತಿಯಲ್ಲ. ಅದು ಒಂದು ಬಗೆಯ ಗೃಹಕೃತ್ಯ.

ಕಾಲೇಜಿನಲ್ಲಿ ನನ್ನ ಮಿತ್ರರೊಬ್ಬರಿದ್ದಾರೆ, ವೈದಿಕ ಮನೆತನದವರು. ಅವರಲ್ಲಿ ಈ ವಿಷಯ ತೆಗೆದೆ. "ಉಪನಯನವಾಗಿ ಮೂವತ್ತೈದು ವರ್ಷವಾಯಿತು ಮಾರಾಯರೆ, ಸಂಧ್ಯಾವಂದನೆಯಲ್ಲಿ ಮನಸ್ಸು ನಿಂತ ದಿನಗಳನ್ನು ಬೆರಳಲ್ಲಿ ಎಣಿಸಬಹುದು. ಆದರೆ ಮನಸ್ಸು ಬರುವ ದಿನ ಅದಕ್ಕೆ ಕೂರಲು ಜಾಗ ಬೇಕಲ್ಲ" ಎಂದರು. ಇದು ಒಳ್ಳೆಯ ಮಾತು. ನನ್ನ ವೃತ್ತಿಗೂ ಒಪ್ಪುತ್ತದೆ. ಕುಮಾರವ್ಯಾಸನ ಪದ್ಯಗಳನ್ನು ನಾವು ಅರ್ಥವಾಗದ ವಯಸ್ಸಿನಲ್ಲಿ ಬಾಯಿಪಾಠ ಮಾಡಿದೆವು. ಇಪ್ಪತ್ತು ವರ್ಷಗಳ ಮೇಲೆ ಬಸ್ಸಿನಲ್ಲಿ ಕುಳಿತಾಗ ಅರ್ಥ ತಾನಾಗಿ ಬಿಚ್ಚಿಕೊಂಡಿತು. ಹಾಗೆಯೇ ಪ್ರಾರ್ಥನೆಯೂ ಎನ್ನಬಹುದೆ? ಬಹಳ ದಿನ ಹಾಗೆಂದೇ ನಂಬಿದ್ದೆ. ಈಗ ಆ ಹೋಲಿಕೆಯಲ್ಲಿ ಒಂದು ಬಿರುಕು ಕಾಣುತ್ತದೆ. ಪದ್ಯ ಹೇಳುವವನು ಯಾರಿಗೂ ಮಾತು ಕೊಡುತ್ತಿಲ್ಲ. 'ನಂಬುತ್ತೇನೆ' ಎಂದು ಒಬ್ಬನ ಎದುರು ಹೇಳುವುದು ಬೇರೆ. ಅದು ಬಾಯಿಪಾಠವಲ್ಲ, ಭಾಷೆ ಕೊಟ್ಟಂತೆ.

ಆ ಸುವಾರ್ತೆಯಲ್ಲಿ ಕಪಟಿಗಳೆಂದು ಕನ್ನಡಿಸಿರುವ ಕಡೆ ಗ್ರೀಕಿನಲ್ಲಿರುವ ಶಬ್ದಕ್ಕೆ ನಟ ಎಂಬ ಅರ್ಥವಿತ್ತು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ವೇಷ ಕಟ್ಟಿದವನು. ಆದರೆ ಯಕ್ಷಗಾನದ ರಾವಣನನ್ನು ಯಾರೂ ಮೋಸಗಾರನೆನ್ನುವುದಿಲ್ಲ. ಚೌಕಿಯಲ್ಲಿ ಬಣ್ಣ ಹಚ್ಚಿಕೊಂಡದ್ದು ಅವನಿಗೂ ಗೊತ್ತು, ಊರಿಗೂ ಗೊತ್ತು. ಬೆಳಗಾದ ಮೇಲೂ ಬಣ್ಣ ತೆಗೆಯದೆ, ಇದು ನನ್ನ ಮೋರೆಯೇ ಎಂದು ಹೇಳುತ್ತ ಪೇಟೆಯಲ್ಲಿ ತಿರುಗಿದರೆ ಆಗ ಕಪಟ. ನನಗೇನೂ ಅನ್ನಿಸುವುದಿಲ್ಲವೆಂದು ಮನೆಯವರೆದುರು ಹೇಳಿಬಿಟ್ಟ ಹುಡುಗಿ, ಆಮೇಲೆ ಕೂತರೂ ಕೂರದಿದ್ದರೂ, ಕಪಟಿಯಂತೂ ಅಲ್ಲ. ಇಷ್ಟು ನನಗೆ ಸ್ಪಷ್ಟವಾಯಿತು. ಹಾಗಾದರೆ ನಮ್ಮ ಮನೆಯಲ್ಲಿ ಆ ಶಬ್ದ ಯಾರಿಗೆ ಸಲ್ಲುತ್ತದೆ ಎಂಬುದೂ ಸ್ಪಷ್ಟವಾಯಿತು.

ಅದನ್ನು ಹೇಳುವ ಮೊದಲು ಉಪವಾಸದ ವಿಚಾರ ಸ್ವಲ್ಪ ಹೇಳಬೇಕು. ಬೂದಿ ಬುಧವಾರದಿಂದ ಪಾಸ್ಕದ ಮುನ್ನಾದಿನದವರೆಗೆ ನಲವತ್ತಾರು ದಿನ. ಭಾನುವಾರಗಳು ಲೆಕ್ಕಕ್ಕಿಲ್ಲವಾದ್ದರಿಂದ ನಲವತ್ತು. ಅಜ್ಜಿಯ ಕಾಲದ ಕಟ್ಟುಗಳನ್ನು 1966ರಲ್ಲಿ ಪೋಪ್ ಆರನೆಯ ಪೌಲರು ಸಡಿಲಿಸಿದರು. ಈಗ ಕಡ್ಡಾಯದ ಉಪವಾಸ ಎರಡೇ ದಿನ, ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ಅದೂ ಹದಿನೆಂಟು ತುಂಬಿದವರಿಗೆ. ಶುಕ್ರವಾರ ಮಾಂಸ ಬಿಡುವುದು ಹದಿನಾಲ್ಕರಿಂದ. ಸಭೆಯೇ ವಯಸ್ಸಿಗಾಗಿ ಕಾಯುತ್ತದೆಂಬುದನ್ನು ಅವಸರದ ತಂದೆಗಳು ಗಮನಿಸಬೇಕು. ಶುಭ ಶುಕ್ರವಾರದ ಗಂಜಿ-ಚಟ್ನಿ ನಿಜವಾದ ಉಪವಾಸದೂಟ. ಮಿಕ್ಕ ಶುಕ್ರವಾರಗಳ ಮಾತು ಎತ್ತದಿರುವುದೇ ಲೇಸು. ಮಾಂಸ ಬಿಟ್ಟು ಮೀನು ತಿನ್ನುವುದನ್ನು ವ್ರತವೆಂದು ಕರಾವಳಿಯವನು ಹೇಳಿದರೆ ಅಂಜಲಿನ ಬೆಲೆ ತಿಳಿದ ಯಾರಾದರೂ ನಕ್ಕಾರು.

ಅದಕ್ಕೇ ಏನೋ, ಪ್ರತಿಯೊಬ್ಬರೂ ತಮ್ಮದೇ ಒಂದು ತ್ಯಾಗವನ್ನು ಆರಿಸಿಕೊಳ್ಳುವ ರೂಢಿಯಿದೆ. ನನ್ನದು ಸಿಗರೇಟು. ಉಳಿದ ಹಣವನ್ನು ದೇವರ ಪಟದ ಕೆಳಗಿನ ಡಬ್ಬಿಗೆ ಹಾಕುತ್ತೇನೆ; ಪಾಸ್ಕದ ಮುಂಚೆ ಅದು ಬಡವರಿಗೆ ಹೋಗುತ್ತದೆ. ಆರು ಜನರಿರುವ ಇಗರ್ಜಿಯ ಬೆಂಚಿನಲ್ಲಿ ಗುಟ್ಟಾಗಿರಬಹುದು, ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಸಾಧ್ಯವಿಲ್ಲ. ಯಾರ ತಟ್ಟೆಯಲ್ಲಿ ಏನಿದೆ, ಯಾರ ಸಿಡುಕು ಯಾವುದರಿಂದ ಎಂಬುದು ಎಲ್ಲರಿಗೂ ಗೊತ್ತು. ಮೊದಲ ವಾರ ನನ್ನ ಸಿಡುಕನ್ನು ಸಹಿಸಿದವರು ಹೆಂಡತಿ ಮಕ್ಕಳು. ತ್ಯಾಗ ನನ್ನದು, ತಪಸ್ಸು ಅವರದು.

ಎರಡನೆಯ ವಾರದ ಮಂಗಳವಾರ ಕಾಲೇಜಿನಿಂದ ಬರುವಾಗ ಅಂಗಡಿಯ ಹಿಂದೆ ನಿಂತು ಒಂದು ಸಿಗರೇಟು ಸೇದಿದೆ. ಏಲಕ್ಕಿ ಅಗಿದು ಮನೆಗೆ ಬಂದೆ. ಆ ದಿನದ ಹಣವನ್ನೂ ಎಲ್ಲರೆದುರು ಡಬ್ಬಿಗೆ ಹಾಕಿದೆ. ಮಂಗಳವಾರ ದುಃಖದ ರಹಸ್ಯಗಳ ದಿನ. ಕಂಬಕ್ಕೆ ಕಟ್ಟಿ ಚಾಟಿಯಿಂದ ಹೊಡೆದುದರ ಧ್ಯಾನವನ್ನು ನಾನೇ, ಗಂಭೀರವಾದ ಧ್ವನಿಯಲ್ಲಿ, ನಡೆಸಿದೆ. ಪಕ್ಕದ ಕೋಣೆಯಲ್ಲಿ ಮಗಳು ಓದುತ್ತ ಕುಳಿತಿದ್ದಳು. ಪಶ್ಚಾತ್ತಾಪದ ಪ್ರಾರ್ಥನೆಗೆ ಬಂದಾಗ ಮಾತ್ರ ನನ್ನ ನಾಲಗೆ ತಡವರಿಸಿತು. ದಿನವೂ ಹೇಳಿ ಸವೆದ ಮಾತುಗಳು. ಆದರೆ ಅಂದು ನಾನು ಅವನ್ನು ಹೇಳುತ್ತಿರಲಿಲ್ಲ, ಅವೇ ನನಗೆ ಹೇಳುತ್ತಿದ್ದವು. ಏಕಾಂತದಲ್ಲಿ, ಬಾಗಿಲು ಹಾಕಿಕೊಂಡು ಪ್ರಾರ್ಥಿಸಿದ್ದರೆ ಆ ಸಾಲನ್ನು ಸುಲಭವಾಗಿ ದಾಟಿಬಿಡುತ್ತಿದ್ದೆನೆಂದು ತೋರುತ್ತದೆ. ಒಬ್ಬನೇ ಇರುವಾಗ ನಾನು ನನಗೆ ಬಹಳ ದಯಾಳು. ಎಂಟು ವರ್ಷದ ಮಗ ಪಕ್ಕದಲ್ಲಿ ಕಣ್ಣು ಮುಚ್ಚಿಕೊಂಡು ಅದೇ ಮಾತನ್ನು ಹೇಳುತ್ತಿದ್ದಾಗ ದಾಟಲಾಗಲಿಲ್ಲ.

ಆದ್ದರಿಂದ ಕೂಡಿ ಪ್ರಾರ್ಥಿಸುವುದೇ ಸರಿ ಎಂದು ಮಗಳ ಎದುರು ವಾದಿಸಬಹುದಿತ್ತು. ಆದರೆ ಅದು ನನ್ನ ಅನುಭವವೇ ಹೊರತು ಅವಳ ಪ್ರಶ್ನೆಗೆ ಉತ್ತರವಲ್ಲ. ನನಗೆ ನಂಬಿಕೆಯಿತ್ತು, ನಡತೆಯಿರಲಿಲ್ಲ. ಅವಳಿಗೆ ನಡತೆಯಿದೆ, ನಂಬಿಕೆ ಬಂದಿಲ್ಲ. ಧರ್ಮದಲ್ಲಿ ಯಾರನ್ನೂ ಬಲಾತ್ಕರಿಸಕೂಡದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿತು. ಮಕ್ಕಳ ಧರ್ಮಶಿಕ್ಷಣವನ್ನು ನಿರ್ಧರಿಸುವ ಹಕ್ಕು ತಂದೆತಾಯಿಗಳದೆಂದೂ ಅದೇ ಘೋಷಣೆ ಹೇಳುತ್ತದೆ. ಹದಿನಾರು ವರ್ಷದವಳು ಈ ಎರಡು ವಾಕ್ಯಗಳಲ್ಲಿ ಯಾವುದರ ಕೆಳಗೆ ಬರುತ್ತಾಳೆ? ನನ್ನ ಮಟ್ಟಿಗೆ ಮೊದಲನೆಯದರ ಕೆಳಗೆ ಎಂದು ತೀರ್ಮಾನಿಸಿದ್ದೇನೆ. ನನ್ನ ತಾಯಿಗೆ ಇದು ಸಮ್ಮತವಿಲ್ಲ. ಪ್ರತಿ ಭಾನುವಾರ ಊರಿನಿಂದ ಫೋನು ಮಾಡಿ, "ಅವಳು ಕೂತಳೇ?" ಎಂದು ಕೇಳುತ್ತಾರೆ.

ಗುರುವಾರ ರಾತ್ರಿ ಮಗಳೊಡನೆ ಒಬ್ಬನೇ ಇದ್ದಾಗ ಆ ಸಿಗರೇಟಿನ ಸಂಗತಿಯನ್ನು ಹೇಳಿದೆ. ಏಕೆ ಹೇಳಿದೆನೋ; ಅವಳು ಅಷ್ಟು ನೇರವಾಗಿ ಮಾತನಾಡಿದ ಮೇಲೆ ಹೇಳದೆ ಇರುವುದು ಕಷ್ಟವಾಯಿತು. ಅವಳು ನಗಲಿಲ್ಲ. "ಮಮ್ಮಿಗೆ ಹೇಳಿದಿರಾ?" ಎಂದಳು. ಇಲ್ಲವೆಂದೆ. "ಪಾಪಸಂಕೀರ್ತನೆಗೆ ಹೋದಾಗ ಪಾದ್ರಿಗಳಿಗೆ ಹೇಳುತ್ತೀರಿ, ಅಲ್ಲವಾ?" ಹೌದೆಂದೆ. "ಅವರೆದುರು ನೀವು ಹಣ ಹಾಕಲಿಲ್ಲವಲ್ಲ ಪಪ್ಪಾ" ಎಂದು ಹೇಳಿ ಮಲಗಲು ಹೋದಳು.

ಶುಕ್ರವಾರ ಸಂಜೆ ದೀಪ ಹಚ್ಚಿ ಎಲ್ಲರೂ ಮೊಣಕಾಲೂರಿದ ಮೇಲೆ, ಮೊದಲು ಒಂದು ಮಾತು ಹೇಳುವುದಿದೆ ಎಂದು ಹೇಳಿಬಿಟ್ಟೆ. ಹೆಂಡತಿ ಮಣಿಗಳನ್ನು ಕೈಗೆ ತೆಗೆದುಕೊಳ್ಳುತ್ತಿದ್ದವಳು ತಲೆಯೆತ್ತಿ, "ಯಾವತ್ತು?" ಎಂದಳು. "ಮಂಗಳವಾರ." "ಭಾನುವಾರವಾಗಿದ್ದರೆ ಲೆಕ್ಕಕ್ಕಿರಲಿಲ್ಲ" ಎಂದು ಹೇಳಿ ಅವಳು ಶಿಲುಬೆಯ ಗುರುತು ಹಾಕಿದಳು. ಮಗನಿಗೆ ಮಾತ್ರ ಸಮಾಧಾನವಾಗಲಿಲ್ಲ. ಪಪ್ಪಾ ಈಗ ನಲವತ್ತನ್ನು ಮೊದಲಿನಿಂದ ಎಣಿಸಬೇಕೋ, ಅಥವಾ ಪಾಸ್ಕ ಕಳೆದ ಮೇಲೆ ಒಂದು ದಿನ ಹೆಚ್ಚು ಬಿಟ್ಟರೆ ಸಾಕೋ ಎಂದು ಅವನ ಪ್ರಶ್ನೆ. ಬಾಗಿಲಿಗೆ ಒರಗಿ ನಿಂತಿದ್ದ ಮಗಳು ಆಗ ನಕ್ಕಳು. ಒಳಗೆ ಬರಲಿಲ್ಲ, ಪಕ್ಕದ ಕೋಣೆಗೂ ಹೋಗಲಿಲ್ಲ. ಮೊದಲ ರಹಸ್ಯ ನನ್ನ ಪಾಲಿನದು. ಗಂಟಲು ಸರಿಮಾಡಿಕೊಂಡು ಪ್ರಾರಂಭಿಸಿದೆ.